ಒಂದೇ ಬಾಟಲಿಯ ಹರಳೆಣ್ಣೆ

ಪುಟ್ಟೀ, ಗುಂಡಾ, ಇದನ್ನು ನಿಮ್ಮಿಬ್ಬರಿಗೋಸ್ಕರ ಬರೆಯುತ್ತಿದ್ದೇನೆ.

ಮೊನ್ನೆ ಊಟಕ್ಕೆ ಕೂತಾಗ ನಿಮ್ಮ ಅಮ್ಮ ಮಾತಿನ ನಡುವೆ, "ಅಜ್ಜೀನೂ ನಾನೂ ಒಂದೇ ಲ್ಯಾಬಲ್ಲಿ ಕೆಲ್ಸ ಮಾಡ್ತಿದ್ವಿ, ಗೊತ್ತಾ?" ಅಂದುಬಿಟ್ಟಳು. ಪುಟ್ಟಿ ತುತ್ತನ್ನು ಕೈಯಲ್ಲೇ ಹಿಡಿದು, "ಅಜ್ಜೀ, ನೀನೂ ಔಷಧಿ ಕಂಡುಹಿಡೀತಿದ್ಯಾ?" ಅಂತ ನನ್ನ ಕಡೆ ತಿರುಗಿದಳು. ಮಜ್ಜಿಗೆ ತರುತ್ತೇನೆಂದು ಎದ್ದು ಒಳಗೆ ಹೋದೆ. ಮಜ್ಜಿಗೆಯ ಪಾತ್ರೆ ನಿಮ್ಮೆದುರಿಗೇ ಇತ್ತು. ಗುಂಡ ಅದನ್ನು ನೋಡಿ ನಕ್ಕದ್ದು ಅಡುಗೆಮನೆಗೆ ಕೇಳಿಸಿತು.

ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ನಗಬೇಕೆನಿಸಿದರೆ ನಾನು ಇಲ್ಲದಾಗ ನಗಿ.

ನಿಮ್ಮ ತಾತ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಿಂಡುವ ಮೆಷಿನ್ ನೋಡಿಕೊಳ್ಳುತ್ತಿದ್ದರು. ಅವರ ಅಂಗಿಗಳನ್ನು ಎಷ್ಟು ಉಜ್ಜಿ ಒಗೆದರೂ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ನಿಮ್ಮ ಅಮ್ಮ ಹೈಸ್ಕೂಲಿನಲ್ಲಿದ್ದಾಗ ಅವರು ಕಾಮಾಲೆಯಾಗಿ ತೀರಿಕೊಂಡರು. ಆಮೇಲೆ ಅದೇ ಮಿಲ್ಲಿನಲ್ಲಿ ನಾನು ಶೇಂಗಾ ಆರಿಸುವ ಕೆಲಸಕ್ಕೆ ಹೋದೆ. ನಿಮ್ಮ ಅಮ್ಮ ದಾವಣಗೆರೆಯ ಹಾಸ್ಟೆಲಿನಲ್ಲಿದ್ದುಕೊಂಡು ಕೆಮಿಸ್ಟ್ರಿ ಓದಿದಳು.

ಆ ಹಾಸ್ಟೆಲಿಗೆ ನಾನು ಹೋದದ್ದು ಒಂದೇ ಸಲ. ಚಟ್ನಿಪುಡಿ, ರೊಟ್ಟಿ, ಒಂದು ಬಾಟಲಿ ಹರಳೆಣ್ಣೆ ಚೀಲಕ್ಕೆ ಹಾಕಿಕೊಂಡು ಹೋಗಿದ್ದೆ. ಗೇಟಿನ ಒಳಗೆ ನಿಮ್ಮ ಅಮ್ಮ ಗೆಳತಿಯರ ನಡುವೆ ನಿಂತಿದ್ದಳು. ಎಲ್ಲರೂ ಇಸ್ತ್ರಿ ಮಾಡಿದ ಚೂಡಿದಾರ ಹಾಕಿದ್ದರು. ನಾನು ಮಿಲ್ಲಿನಿಂದ ನೇರವಾಗಿ ಬಸ್ ಹತ್ತಿದ್ದೆ, ಸೀರೆಯ ಮೇಲೆಲ್ಲಾ ಶೇಂಗಾ ಸಿಪ್ಪೆಯ ಧೂಳು. ಅವರಲ್ಲಿ ಒಬ್ಬ ಹುಡುಗಿ, "ಯಾರೇ ಇವ್ರು?" ಅಂತ ಕೇಳಿದಳು. ನಿಮ್ಮ ಅಮ್ಮ ಬಾಯಿ ತೆರೆಯುವ ಮುಂಚೆ ನಾನೇ, "ಅವ್ರ ಮನೆ ಕೆಲಸದೋಳಮ್ಮ, ಅಮ್ಮಾರು ಸಾಮಾನು ಕೊಟ್ಟು ಕಳ್ಸಿದ್ರು" ಅಂದುಬಿಟ್ಟೆ.

ಯಾಕೆ ಅಂದೆನೋ ನನಗೇ ಗೊತ್ತಿಲ್ಲ. ಹಾಗೆ ಹೇಳೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಿಮ್ಮ ಅಮ್ಮ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಇನ್ನೊಂದ್ಸಲ ಹಂಗಂದ್ರೆ ನಾನು ಓದು ಬಿಟ್ಟು ಬರ್ತೀನಿ ನೋಡು" ಅಂದಳು. ಕಣ್ಣಲ್ಲಿ ನೀರಿತ್ತು. ನಾನು ಆಮೇಲೆ ಹಾಸ್ಟೆಲಿಗೆ ಹೋಗಲೇ ಇಲ್ಲ.

ಅವಳು ಓದು ಮುಗಿಸಿ ಹೈದರಾಬಾದಿನ ಔಷಧಿ ಕಂಪನಿಯೊಂದಕ್ಕೆ ಸೇರಿದಳು. ಇತ್ತ ನಮ್ಮ ಮಿಲ್ಲು ನಿಂತುಹೋಯಿತು. ಕೆಲವು ವರ್ಷ ಗೋಡೌನಿಗೆ ಬೀಗ ಬಿದ್ದಿತ್ತು. ಆಮೇಲೆ ಮಾಲೀಕರು ಅದಕ್ಕೆ ಬಿಳಿ ಟೈಲ್ಸ್ ಹಾಕಿಸಿ, ಎಸಿ ಕೂಡಿಸಿ, ಹೈದರಾಬಾದಿನಿಂದ ಒಬ್ಬ ವಿಜ್ಞಾನಿ ಸಾರನ್ನು ಕರೆಸಿ ಲ್ಯಾಬ್ ಮಾಡಿದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳ ಆ ದೊಡ್ಡ ದೊಡ್ಡ ಕಾಂಪೌಂಡುಗಳು ಇನ್ನೂ ಎದ್ದಿರಲಿಲ್ಲ. ಕಾವಲಿನ ಹುಲ್ಲುಗಾವಲಿನಲ್ಲಿ ದನ ಮೇಯುತ್ತಿದ್ದವು. ಹಳೆಯ ಆಳುಗಳ ಪೈಕಿ ಇಬ್ಬರನ್ನು ಮಾತ್ರ ಮಾಲೀಕರು ಉಳಿಸಿಕೊಂಡರು. ಗೇಟು ಕಾಯಲು ಒಬ್ಬ ಮುದುಕ, ಗಾಜಿನ ಬಾಟಲಿಗಳನ್ನು ತೊಳೆಯಲು ನಾನು. ಅಲ್ಲಿ ಎಲ್ಲರೂ ನನ್ನನ್ನು ಆಯಮ್ಮ ಎನ್ನುತ್ತಿದ್ದರು.

ಒಂದು ದಿನ ಪಕ್ಕದ ಮನೆಯ ಫೋನಿಗೆ ನಿಮ್ಮ ಅಮ್ಮ ಫೋನು ಮಾಡಿದಳು.

"ಅವ್ವಾ, ನಾನು ಊರಿಗೆ ಬಂದ್ಬಿಡ್ತೀನಿ. ನಾನಿಲ್ಲಿ ಕಲ್ತಿರೋ ಮೆಷಿನ್ನು ನಿಮ್ಮ ಗೋಡೌನಿಗೂ ಬಂದೈತಂತೆ. ಅಲ್ಲಿನ ಸಾರು ನನ್ನ ಕರೀತಾವ್ರೆ."

"ಅಲ್ಲಿ ನಾನು ಬಾಟ್ಲಿ ತೊಳೀತೀನಲ್ಲೇ!"

"ಗೊತ್ತು. ಒಂದೇ ಕಡೆ ಇರ್ತೀವಲ್ಲ."

"ಹಂಗಾರೆ ನಾನು ಕೆಲ್ಸ ಬಿಡ್ತೀನಿ."

"ಯಾಕೆ? ಬಾಟ್ಲಿ ತೊಳ್ಯೋದು ಕಳ್ಳತನಾನೇ?"

ಕೊನೆಗೆ ನಾನೇ ಒಂದು ಷರತ್ತು ಹಾಕಿದೆ. ಅಲ್ಲಿ ನಾವಿಬ್ಬರೂ ತಾಯಿ ಮಗಳು ಎಂದು ಯಾರಿಗೂ ತಿಳಿಯಬಾರದು. ಅವಳು "ನಿನ್ನಿಷ್ಟ" ಎಂದು ಫೋನಿಟ್ಟಳು. ಲ್ಯಾಬಿನಲ್ಲಿದ್ದವರೆಲ್ಲ ಹೊರ ಊರಿನವರು. ಮಾಲೀಕರು ಬರುತ್ತಿದ್ದುದು ಅಪರೂಪ. ಗೇಟಿನ ಮುದುಕನಿಗೆ ಮಾತ್ರ ಗೊತ್ತಿತ್ತು. ಅವನಿಗೆ ಕೈಮುಗಿದು ಹೇಳಿದೆ. "ನಿನ್ನ ಮಗಳು ಮೇಡಮ್ಮಾದ್ರೆ ನೀನು ಎದೆಯೆತ್ತಿ ತಿರುಗ್ಬೇಕು, ನೀನು ನೋಡಿದ್ರೆ ಮುಖ ಮುಚ್ಕೊಂತೀಯ" ಅಂತ ಬೈದ. ಆದರೂ ಬಾಯಿ ಬಿಡಲಿಲ್ಲ.

ಹೀಗೆ ಶುರುವಾಯಿತು ನಮ್ಮ ನಾಟಕ. ಬೆಳಿಗ್ಗೆ ಮನೆಯ ಹೊಸ್ತಿಲ ಹತ್ತಿರ ನಿಮ್ಮ ಅಮ್ಮ ನನ್ನ ಮುಂದೆ ಬೆನ್ನು ಮಾಡಿ ಕೂರುತ್ತಿದ್ದಳು. ಹಾಸ್ಟೆಲಿಗೆ ಹೋಗುವ ಮುಂಚಿನಿಂದಲೂ ಹಾಗೆಯೇ. ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ಅವಳ ನೆತ್ತಿಗೆ ತಟ್ಟಿ, ತುದಿಯವರೆಗೆ ಸವರಿ ಜಡೆ ಹಾಕುತ್ತಿದ್ದೆ. ಕೈಗೆ ಉಳಿದದ್ದನ್ನು ನನ್ನ ತಲೆಗೆ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ನಾನು ಮೊದಲು ಹೊರಟು ಶೇರ್ ಆಟೋ ಹಿಡಿಯುತ್ತಿದ್ದೆ. ಅವಳು ಸರ್ಕಲ್ಲಿನಲ್ಲಿ ನಿಂತು ಲ್ಯಾಬಿನ ವ್ಯಾನು ಹತ್ತುತ್ತಿದ್ದಳು. ಅಲ್ಲಿ ಹೋದ ಮೇಲೆ, "ಆಯಮ್ಮಾ, ಬಾಟ್ಲಿ ರೆಡಿ ಇದಾವಾ?" ಅಂತ ಅವಳು ಕೇಳಬೇಕು. "ಇದಾವೆ ಮೇಡಂ" ಅಂತ ನಾನು ಹೇಳಬೇಕು. ಕೇಳುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನಾನೇ ಹೇಳಿಕೊಟ್ಟ ನಾಟಕವಾದರೂ, ತಿರುಗಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಳ್ಳುತ್ತಿದ್ದೆ.

ಅವಳ ಮೆಷಿನ್ನಿನ ಹೆಸರು ಸೂಪರ್‌ಕ್ರಿಟಿಕಲ್ ಫ್ಲೂಯಿಡ್ ಕ್ರೊಮಟೋಗ್ರಫಿ. ಇದನ್ನು ನಿಮ್ಮ ಅಮ್ಮನ ಹತ್ತಿರ ಬರೆಸಿಕೊಂಡು, ನೋಡಿ ಬರೆದಿದ್ದೇನೆ. ಒಂದು ಭಾನುವಾರ, ಮನೆಯಲ್ಲಿ ರವಿಕೆ ಹೊಲಿಯುತ್ತಾ ಕೂತಿದ್ದೆ. ಆ ಮೆಷಿನ್ ಏನು ಮಾಡುತ್ತದೆ ಎಂದು ಕೇಳಿದೆ. ಅವಳು ನನ್ನ ಮುಂದಿದ್ದ ರವಿಕೆಯ ಎರಡು ತೋಳುಗಳನ್ನು ಎತ್ತಿಕೊಂಡಳು.

"ಎಡದ ತೋಳು ಯಾವ್ದು, ಬಲದ್ ಯಾವ್ದು?"

"ಇದು ಬಲ. ಮುಂದಿನ ಕಡೆ ಕಂಕುಳು ಜಾಸ್ತಿ ಕತ್ತರಿಸಿರ್ತೀವಿ."

"ಅದಲು ಬದಲಾದ್ರೆ?"

"ಕಂಕುಳು ಹಿಡಿಯುತ್ತೆ, ಕೈ ಎತ್ತೋಕಾಗಲ್ಲ."

"ಔಷಧೀನೂ ಹಂಗೇ ಅವ್ವಾ. ಕೆಲವು ಔಷಧಿ ಮಾಡೋವಾಗ ಎಡದ್ದೂ ಬಲದ್ದೂ ಒಟ್ಟಿಗೇ ತಯಾರಾಗ್ಬಿಡುತ್ತೆ. ಒಂದೇ ಬಟ್ಟೆ, ಒಂದೇ ಅಳತೆ, ಒಂದೇ ತೂಕ. ಆದ್ರೆ ಮೈಗೆ ಹಿಡ್ಸೋದು ಒಂದೇ. ಇನ್ನೊಂದು ಸುಮ್ನಿರುತ್ತೆ, ಇಲ್ಲಾ ಕೇಡು ಮಾಡುತ್ತೆ. ಎರಡನ್ನೂ ಬೇರೆ ಮಾಡೋದು ನನ್ನ ಕೆಲ್ಸ."

ಸೋಡಾ ಬಾಟಲಿಗೆ ತುಂಬುವ ಗಾಳಿಯನ್ನೇ ಸಿಲಿಂಡರಿನಿಂದ ತಂದು, ಜೋರಾಗಿ ಅದುಮಿ, ಸ್ವಲ್ಪ ಬೆಚ್ಚಗೆ ಮಾಡುತ್ತಾರಂತೆ. ಆಗ ಅದು ಗಾಳಿಯ ಹಾಗೆ ಸಂದಿಗೊಂದಿಗೆಲ್ಲಾ ನುಗ್ಗುತ್ತದೆ, ನೀರಿನ ಹಾಗೆ ಕರಗಿಸಿಕೊಳ್ಳುತ್ತದೆ. ಆದರೆ ಎರಡೂ ಅಲ್ಲ. ಅದಕ್ಕೆ ಸ್ವಲ್ಪ ಮೆಥನಾಲ್ ಎಂಬ ಸ್ಪಿರಿಟ್ಟು ಬೆರೆಸಿ, ಔಷಧಿಯನ್ನು ಅದರ ಜೊತೆ ಒಂದು ಸ್ಟೀಲಿನ ಕೊಳವೆಯೊಳಗೆ ಹಾಯಿಸುತ್ತಾರೆ. ಕೊಳವೆಯ ತುಂಬಾ ಒಂದು ಥರದ ಪುಡಿ. ಆ ಪುಡಿ ಎಡದ್ದನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡರೆ ಬಲದ್ದು ಮುಂದೆ ಹೋಗಿಬಿಡುತ್ತದೆ. ಆ ಕಡೆ ಬೇರೆ ಬೇರೆ ಹೊತ್ತಿಗೆ ಹೊರಗೆ ಬಂದಾಗ ಗಾಳಿ ಹಾರಿಹೋಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗಿದ ಔಷಧಿ ಬಾಟಲಿಗಳಿಗೆ ಬೀಳುತ್ತದೆ. ಸ್ಪಿರಿಟ್ಟನ್ನು ಆರಿಸಿದರೆ ಬಿಳಿ ಪುಡಿ. ಔಷಧಿ ಕಂಪನಿಗಳು ಹೊಸದಾಗಿ ಮಾಡಿದ್ದನ್ನು, ಇನ್ನೂ ಇಲಿಗಳ ಮೇಲೆ ಪರೀಕ್ಷೆ ನಡೆಯಬೇಕಾಗಿದ್ದುದನ್ನು, ಹೀಗೆ ಬೇರೆ ಮಾಡಿಸಿಕೊಳ್ಳಲು ನಮ್ಮಲ್ಲಿಗೆ ಕಳಿಸುತ್ತಿದ್ದವು.

ಆ ಬಾಟಲಿಗಳನ್ನು ತೊಳೆಯುವವಳು ನಾನು. ಸೋಪಿನ ನೀರು, ಒಳ್ಳೆಯ ನೀರು, ಕೊನೆಗೆ ಸ್ಪಿರಿಟ್ಟು ಹಾಕಿ ಜಾಲಾಡಿಸಿ ಬಿಸಿ ಪೆಟ್ಟಿಗೆಯಲ್ಲಿ ಮಗುಚಿಡಬೇಕು. ತಾವೇ ಆರುತ್ತವೆ, ಒರೆಸಬಾರದು ಎಂದು ಸಾರು ಮೊದಲ ದಿನವೇ ಹೇಳಿದ್ದರು. ನಾನು ಒರೆಸುತ್ತಿರಲಿಲ್ಲ. ಹಾಗೆಂದೇ ನಾನು ತಿಳಿದಿದ್ದೆ. ಮಗಳ ಮೆಷಿನ್ನಿಗೆ ಹೋಗುವ ಬಾಟಲಿಗಳ ಬಾಯನ್ನು ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂದು ಸುತ್ತು ಸವರಿ ಕೊಡುತ್ತಿದ್ದೆ. ಬಂದ ನೆಂಟರಿಗೆ ನೀರಿನ ಲೋಟ ಕೊಡುವಾಗ ಹಾಗೆ ಮಾಡುವುದಿಲ್ಲವೇ? ಅದನ್ನು ಒರೆಸುವುದು ಎನ್ನುತ್ತಾರೆಂದು ನನಗೆ ಹೊಳೆಯಲೇ ಇಲ್ಲ. ಅದು ಮರ್ಯಾದೆ ಎಂದುಕೊಂಡಿದ್ದೆ. ಅವಳನ್ನು ಮಗಳೇ ಎಂದು ಕರೆಯುವ ಹಾಗಿರಲಿಲ್ಲ, ಅಷ್ಟಾದರೂ ಇರಲಿ ಅನ್ನಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ನಿಮ್ಮ ಅಮ್ಮ ಊಟ ಬಿಟ್ಟಳು. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದಳು. ಒಂದು ಕಂಪನಿಯ ಔಷಧಿ ಎಷ್ಟು ಆರಿಸಿದರೂ ಪುಡಿಯಾಗುತ್ತಿರಲಿಲ್ಲವಂತೆ. ಗಾಜಿನ ಬುರುಡೆಯ ತಳಕ್ಕೆ ಜಿಗುಟಾಗಿ ಅಂಟಿಕೊಳ್ಳುತ್ತಿತ್ತು. ತೂಕ ಇರಬೇಕಾದ್ದಕ್ಕಿಂತ ಹೆಚ್ಚು ಬರುತ್ತಿತ್ತು. ಎಡ ಬಲ ಸರಿಯಾಗಿಯೇ ಬೇರೆಯಾಗಿದೆ, ಆದರೆ ಜೊತೆಯಲ್ಲಿ ಮೂರನೆಯದೇನೋ ಸೇರಿದೆ. ಏನೆಂದು ಗೊತ್ತಿಲ್ಲ. ಕಂಪನಿಯವರು ಸಿಟ್ಟಾಗಿದ್ದಾರೆ.

"ಸಾರು ಏನಂದ್ರು?" ಅಂದೆ.

"ಕಾರಣ ಸಿಗ್ಲಿಲ್ಲ ಅಂದ್ರೆ ಮೆಷಿನ್ನು ಬೇರೆಯವರ ಕೈಗೆ ಕೊಡ್ತೀವಿ ಅಂದ್ರು. ಅಂದ್ರೆ ನಾನು ಗಂಟುಮೂಟೆ ಕಟ್ಬೇಕು ಅಂತಾನೇ ಅರ್ಥ."

 ನನ್ನ ಕೈಯಲ್ಲಿ ಆಗುವುದಾದರೂ ಏನು? ಬಾಟಲಿಗಳನ್ನು ಇನ್ನೂ ಚೆನ್ನಾಗಿ ಕೊಡಬಹುದು. ಮಾರನೆಯ ದಿನದಿಂದ ಬಾಯನ್ನು ಒಂದು ಸುತ್ತಿನ ಬದಲು ಎರಡು ಮೂರು ಸುತ್ತು ಸವರತೊಡಗಿದೆ. ಬೆರಳು ಹೋಗುವಷ್ಟು ಒಳಗೂ ಸವರಿದೆ. ಚಳ್ಳಕೆರೆಯ ಬೇಸಿಗೆ ನಿಮಗೆ ಗೊತ್ತಲ್ಲ. ತೊಳೆಯುವ ಕೋಣೆಗೆ ಎಸಿ ಇರಲಿಲ್ಲ. ಹಣೆಯ ಬೆವರನ್ನೂ ಅದೇ ಸೆರಗಿನಲ್ಲಿ ಒತ್ತಿಕೊಳ್ಳುತ್ತಿದ್ದೆ. ಗಂಡಸರ ಮುಂದೆ ಹೋಗುವಾಗ ಅದೇ ಸೆರಗು ತಲೆಯ ಮೇಲೆ. ನಾನು ಹೆದರಿದಷ್ಟೂ ಸವರಿದೆ. ಸವರಿದಷ್ಟೂ ಅವಳ ಔಷಧಿ ಜಿಗುಟಾಯಿತು. 

ಸಾರು ಏನೇನೋ ಹುಡುಕಿದರು. ಪಂಪು ಬಿಚ್ಚಿಸಿದರು, ಸಿಲಿಂಡರ್ ಬದಲಿಸಿದರು, ಕೊಳವೆ ಬದಲಿಸಿದರು. ಕೊನೆಗೆ ಗೋಡೆಯ ಮೇಲೆ ಅನುಮಾನ ಬಂತು. "ಈ ಗೋಡೆಗಳು ಮೂವತ್ತು ನಲವತ್ತು ವರ್ಷ ಶೇಂಗಾ ಎಣ್ಣೆ ಕುಡಿದಿವೆ ಅಮ್ಮಾ, ಟೈಲ್ಸ್ ಹಿಂದಿನಿಂದ ಅದೇ ಬೆವರುತ್ತಿದೆ" ಅಂತ ತೆಲುಗು ಬೆರೆಸಿ ನನಗೇ ಹೇಳಿದರು. ನಮ್ಮ ತವರಿನಲ್ಲಿ ಅರ್ಧ ತೆಲುಗೇ ಆಡುತ್ತಿದ್ದುದರಿಂದ ಅವರಿಗೆ ನನ್ನ ಜೊತೆ ಮಾತಾಡುವುದು ಸುಲಭವಾಗಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ದಿನ ಗೋಡೆಗೆ ಕೈಯೆತ್ತಿ ಮುಗಿಯುವುದೊಂದು ಬಾಕಿ. ತಪ್ಪು ಗೋಡೆಯದಾದರೆ ಮಗಳ ಕೆಲಸ ಉಳಿಯುತ್ತದೆ.

ಆ ಜಿಗುಟನ್ನು ಸ್ವಲ್ಪ ತೆಗೆದು ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಸಾರು ಎಲ್ಲರನ್ನೂ ಮೆಷಿನ್ನಿನ ಹಾಲಿಗೆ ಕರೆದರು. ನಿಮ್ಮ ಅಮ್ಮ, ಅವಳ ಜೊತೆ ತೂಕ ಮಾಡುವ ದಾವಣಗೆರೆಯ ಹುಡುಗಿ, ಇನ್ನೂ ಕೆಲವು ಹುಡುಗರು. ನಾನು ಬಾಗಿಲ ಹತ್ತಿರ ನಿಂತೆ. ಸಾರು ಕಾಗದವನ್ನು ನಿಮ್ಮ ಅಮ್ಮನ ಕೈಗೇ ಕೊಟ್ಟು ಓದು ಎಂದರು. ಅವಳು ಓದುತ್ತಾ ಓದುತ್ತಾ ನಿಂತಳು. ತಲೆಯೆತ್ತಿದಳು. ಅಷ್ಟು ಜನರ ನಡುವಿನಿಂದ ನೇರವಾಗಿ ನನ್ನನ್ನೇ ನೋಡಿದಳು. ಲ್ಯಾಬಿನೊಳಗೆ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಶೇಂಗಾ ಎಣ್ಣೆ ಅಲ್ಲ ಸಾರ್. ಹರಳೆಣ್ಣೆ."

"ಹರಳೆಣ್ಣೆ? ಈ ಮಿಲ್ಲಲ್ಲಿ ಹರಳು ಹಿಂಡ್ತಿದ್ರಾ?" ಸಾರು ನನ್ನ ಕಡೆ ತಿರುಗಿದರು.

"ಇಲ್ಲ ಸಾರ್" ಅಂದೆ. ಅಷ್ಟು ಹೇಳುವಾಗಲೇ ನನಗೆ ಅರ್ಥವಾಗಿತ್ತು. ತಲೆಯ ಮೇಲಿನ ಸೆರಗು ಕೆಂಡದ ಹಾಗೆ ಸುಡತೊಡಗಿತು.

ಸಾರು ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಜೋರು ಮಾಡಲಿಲ್ಲ. "ಆಯಮ್ಮಾ, ತಲೆಗೆ ಏನು ಹಚ್ಚುತ್ತೀರಿ?"

 ದಾವಣಗೆರೆಯ ಹುಡುಗಿ ಹೇಳಿದಳು, "ಸಾರ್, ಆಯಮ್ಮ ಬಾಟ್ಲಿ ಬಾಯಿನ ಸೆರಗಲ್ಲಿ ಒರೆಸ್ತಾರೆ. ನಾನೇ ನೋಡೀನಿ. ಪಾಪ, ಕ್ಲೀನಾಗಿರ್ಲಿ ಅಂತ ಮಾಡ್ತಾರೆ ಅಂದ್ಕೊಂಡು ಸುಮ್ನಿದ್ದೆ."

ಎಲ್ಲರ ಕಣ್ಣೂ ನನ್ನ ಸೆರಗಿನ ಮೇಲೆ. ತುದಿ ಎಣ್ಣೆ ಹಿಡಿದು ಬಣ್ಣ ಬದಲಾಗಿತ್ತು. ನನಗೇ ಅದು ಆವತ್ತೇ ಕಣ್ಣಿಗೆ ಬಿದ್ದದ್ದು. ಒಬ್ಬ ಹುಡುಗ ಮೂಗಿನ ಹತ್ತಿರ ಕೈ ತಂದು ಇಳಿಸಿದ. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ, ಸದ್ಯ, ಮಗಳ ತಲೆಗೆ ಬರಲಿಲ್ಲ, ಇದು ನನ್ನಲ್ಲೇ ನಿಂತಿತು ಅಂತ ಇತ್ತು. "ತಪ್ಪಾತು ಸಾರ್, ನಾಳೆಯಿಂದ ಬರಲ್ಲ" ಎಂದು ತಿರುಗಿದೆ.

"ಅವ್ವಾ, ನಿಂತ್ಕೋ."

ತಿರುಗಿ ನೋಡಿದೆ. ನಿಮ್ಮ ಅಮ್ಮ ತನ್ನ ಜಡೆಯನ್ನು ಮುಂದಕ್ಕೆ ಎಳೆದು ಹಿಡಿದುಕೊಂಡಿದ್ದಳು.

"ಸಾರ್, ನನ್ನ ತಲೇಲೂ ಅದೇ ಎಣ್ಣೆ ಐತೆ. ನಾನೂ ಟೋಪಿ ಹಾಕಲ್ಲ. ಬಾಟ್ಲಿಗಳ ಮೇಲೆ ದಿನಾ ಬಗ್ಗಿ ನೋಡೋಳು ನಾನು. ಇಷ್ಟು ದಿನ ಬರೀ ಸೆರಗಿಂದೇ ಬಂತು ಅಂತ ಹೆಂಗ್ ಹೇಳ್ತೀರಿ?"

ಸಾರಿಗೆ ಅರ್ಥವಾಗಲಿಲ್ಲ. "ನಿಮ್ಮಿಬ್ಬರದೂ ಒಂದೇ ಎಣ್ಣೆ ಅಂತ ನಿನಗೆ ಹೇಗೆ ಗೊತ್ತು?"

"ಒಂದೇ ಬಾಟ್ಲಿ ಸಾರ್. ಬೆಳಿಗ್ಗೆ ನನ್ನ ತಲೆಗೆ ಹಚ್ಚೋದು ಅವ್ವನೇ. ಈಕೆ ನನ್ನ ತಾಯಿ."

 ಸಾರು ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡಿದರು. ಆಮೇಲೆ ಹಗುರಾಗಲೆಂದೋ ಏನೋ, ಮೆಷಿನ್ನಿನ ಮೇಲೆ ಕೈಯಿಟ್ಟು, "ಎಡಗೈ ಬಲಗೈ ಬೇರೆ ಮಾಡುವುದು ಇದಕ್ಕೆ ಬರುತ್ತದೆ. ತಾಯಿ ಎಣ್ಣೆ ಯಾವುದು, ಮಗಳ ಎಣ್ಣೆ ಯಾವುದು ಅಂತ ಬೇರೆ ಮಾಡುವುದು ಬರಲ್ಲ" ಎಂದರು. ಎಲ್ಲರೂ ನಕ್ಕರು. ಅದು ಕೆಟ್ಟ ನಗುವಲ್ಲ, ಈಗ ನನಗೆ ತಿಳಿಯುತ್ತದೆ. ಆಗ ಆ ನಗು ಬೆನ್ನ ಮೇಲೆ ಬಿದ್ದಂತಾಗಿ ನಾನು ಚಪ್ಪಲಿಯನ್ನೂ ಮೆಟ್ಟದೆ ಗೇಟು ದಾಟಿದೆ. ಗೇಟಿನ ಮುದುಕ ಏನೋ ಕೂಗಿದ. ನಿಲ್ಲಲಿಲ್ಲ. ಮನೆಗೂ ಹೋಗದೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಮೊಳಕಾಲ್ಮೂರಿನಲ್ಲಿ ನನ್ನ ಅಕ್ಕ ಇದ್ದಳು. ಅವಳ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಹಳ್ಳಿಯಲ್ಲಿ ನಮ್ಮ ತವರಿನಲ್ಲಿಯೂ ಮಗ್ಗವೇ ಇದ್ದದ್ದು. ಬರಿಗಾಲಿನಲ್ಲಿ ಬಂದ ನನ್ನನ್ನು ನೋಡಿ ಅಕ್ಕ ಹೆದರಿದಳು. ಕೈಕಾಲು ತೊಳೆದು ಮಗ್ಗದ ಪಕ್ಕ ಕೂತು ನಡೆದದ್ದನ್ನು ಹೇಳಿದೆ. ಅವಳು ರಾಟೆ ನಿಲ್ಲಿಸದೆ ನೂಲು ಸುತ್ತುತ್ತಲೇ ಕೇಳಿದಳು.

"ಅಲ್ಲ ಕಣೇ, ರೇಷ್ಮೆ ಮನೇಲಿ ಹುಟ್ಟಿದೋಳು ನೀನು. ತಲೆಗೆ ಬಟ್ಟೆ ಕಟ್ಟದೆ ಮಗ್ಗದ ಹಾಸುನೂಲಿನ ಹತ್ರ ಬಂದ್ರೆ ಅವ್ವ ಬೆನ್ನಿಗೆ ಬಿಡ್ತಿರ್ಲಿಲ್ವಾ? ಎಣ್ಣೆ ತಲೆ ದೂರ, ಎಣ್ಣೆ ಕೈ ದೂರ ಅಂತ ಹೊತ್ತು ಮೂಡಿದ್ರೆ ಅದೇ ಮಾತು. ಮರ್ತೋಯ್ತಾ?"

ಅದು ಇನ್ನೊಂದು ಏಟು. ಮರೆತಿರಲಿಲ್ಲ. ಒಂದು ಹನಿ ಎಣ್ಣೆ ಬಿದ್ದರೆ ರೇಷ್ಮೆ ಕೆಡುತ್ತದೆ ಎಂದು ನನಗೆ ನಡೆಯಲು ಬಂದಾಗಿನಿಂದ ಗೊತ್ತು. ಗಾಜಿಗೂ ಹಾಗೇ ಎಂದು ಯೋಚಿಸಲೇ ಇಲ್ಲ. ಗಾಜು ಎಂದರೆ ಲೋಟ, ಲೋಟ ಎಂದರೆ ಸೆರಗು.

"ಮಗಳ ಮುಂದೆ ಹೆಂಗೆ ನಿಲ್ಲಲಿ ಅಕ್ಕಾ? ಎಲ್ರ ಮುಂದೆ ಅವಳ ಮಾನ ಕಳ್ದೆ."

"ನೀನು ಕಳ್ದೆಯೋ ಇಲ್ವೋ ಬೇರೆ ಮಾತು. ಅವಳು ಅಷ್ಟು ಜನರ ಮುಂದೆ ಅವ್ವಾ ಅಂತ ಕರೆದ್ಲಲ್ಲ, ಅದಕ್ಕೆ ಉತ್ರಾನೂ ಕೊಡದೆ ಓಡಿ ಬಂದೀಯಲ್ಲ, ನಿನಗೆ ಬುದ್ಧಿ ಐತೇನೆ? ಕರೆದೋಳಿಗೆ ಹೆಂಗಾಗಿರ್ಬೇಡ?"

ನಾನು ಅಲ್ಲಿಯವರೆಗೆ ನನ್ನ ನಾಚಿಕೆಯೊಂದನ್ನೇ ನೋಡಿಕೊಂಡಿದ್ದೆ. ಅಕ್ಕನ ಆ ಮಾತು ಕೇಳಿದ ಮೇಲೆ ಹಾಸ್ಟೆಲಿನ ಗೇಟು ನೆನಪಾಯಿತು. ಆಗ ಅವಳು ಹೇಳುವ ಮುಂಚೆ ನಾನು ಸುಳ್ಳು ಹೇಳಿದ್ದೆ. ಈಗ ಅವಳು ಹೇಳಿದ ಮೇಲೆ ಓಡಿಬಂದಿದ್ದೆ. ಎರಡು ಸಲವೂ ಅವಳೊಬ್ಬಳನ್ನೇ ಜನರ ಮುಂದೆ ಬಿಟ್ಟುಬಂದೆ. ಸೆರಗಿನ ಎಣ್ಣೆಗಿಂತ ಅದು ನನಗೆ ಹೆಚ್ಚು ಚುಚ್ಚಿತು.

ಸಂಜೆಯೇ ನಿಮ್ಮ ಅಮ್ಮ ಫೋನು ಮಾಡಿ ನಾನು ಅಲ್ಲಿದ್ದೇನೆಂದು ತಿಳಿದುಕೊಂಡಳು. ನನ್ನ ಜೊತೆ ಮಾತಾಡಲಿಲ್ಲ, ಅಕ್ಕನ ಜೊತೆಯೇ ಮಾತಾಡಿದಳು. ಭಾನುವಾರ ಬಂದಳು. ಒಂದು ಕೈಯಲ್ಲಿ ನನ್ನ ಚಪ್ಪಲಿ, ಇನ್ನೊಂದು ಕೈಯಲ್ಲಿ ಒಂದು ಕವರ್. ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಇಟ್ಟಳು.

"ಔಷಧಿ ಏನಾತು?" ಅಂತ ಕೇಳಿದೆ. ಅವಳ ಮುಖ ನೋಡಲು ಧೈರ್ಯವಿಲ್ಲದೆ ಚಪ್ಪಲಿಯನ್ನು ನೋಡಿ ಕೇಳಿದೆ.

"ಮತ್ತೆ ಮೆಷಿನ್ನಿಗೆ ಹಾಕಿ ಎಣ್ಣೇನ ಬೇರೆ ಮಾಡ್ದೆ. ಬೇರೆ ಎಣ್ಣೆ ಆಗಿದ್ರೆ ಸ್ಪಿರಿಟ್ಟಿನ ತಳದಲ್ಲಿ ಬೇರೆಯಾಗಿ ನಿಲ್ತಿತ್ತು, ಆವತ್ತೇ ಗೊತ್ತಾಗ್ತಿತ್ತು. ಹರಳೆಣ್ಣೆ ಸುಳಿವೇ ಕೊಡದೆ ಕರಗಿಬಿಡುತ್ತೆ. ಈಗ ಪುಡಿ ಉದುರುದುರಾಗಿ ಐತೆ. ತಡ ಆಯ್ತು ಅಂತ ಕಂಪನಿಯವ್ರು ಬೈದ್ರು."

"ನಿನ್ನ ಕೆಲ್ಸ?"

"ಐತೆ. ನಿಂದೂ ಐತೆ." ಕವರಿನಿಂದ ನೀಲಿ ಬಣ್ಣದ, ಕಾಗದದ ಹಾಗಿರುವ ಟೋಪಿ ತೆಗೆದು ನನ್ನ ತಲೆಗೆ ಎಳೆದು ಕೂಡಿಸಿದಳು. "ಇನ್ಮೇ ಎಲ್ರೂ ಇದನ್ನ ಹಾಕ್ಬೇಕು. ಸಾರಿಗೆ ಅರ್ಧ ತಲೆ ಬೋಳು, ಅವ್ರೂ ಹಾಕ್ಕೊಂಡವ್ರೆ."

ಅಕ್ಕ ಮಗ್ಗದ ಹತ್ತಿರದಿಂದ ನೋಡಿ, "ಆಹಾ, ಆಪರೇಷನ್ ಮಾಡೋಕೆ ಹೊರಟ ಡಾಕ್ಟ್ರಮ್ಮ!" ಎಂದು ಜೋರಾಗಿ ನಕ್ಕಳು. ನನಗೂ ನಗು ಬಂತು, ಜೊತೆಗೆ ಅಳುವೂ ಬಂತು.

ಆಮೇಲೆ ನಿಮ್ಮ ಅಮ್ಮ ನನ್ನ ಮುಂದೆ ಬೆನ್ನು ಮಾಡಿ ಕೂತು ಜಡೆ ಬಿಚ್ಚಿದಳು. "ಎಣ್ಣೆ ಹಚ್ಚು" ಎಂದಳು.

"ಬ್ಯಾಡ ಕಣವ್ವ, ಇನ್ನು ಆ ಎಣ್ಣೆ ಸಾವಾಸಾನೇ ಬ್ಯಾಡ."

"ಇವತ್ತು ಭಾನುವಾರ. ಸಂಜೆ ಸೀಗೆಕಾಯಿ ಹಾಕಿ ತೊಳ್ಕೊಂತೀನಿ. ಹಚ್ಚು ಅಂದ್ರೆ ಹಚ್ಚು."

ಅಕ್ಕನ ಮನೆಯ ಹರಳೆಣ್ಣೆ ತಂದು, ಮಗ್ಗದಿಂದ ದೂರ, ಹಿತ್ತಲಿನ ಬಾಗಿಲ ಹತ್ತಿರ ಕೂತು ಹಚ್ಚಿದೆ. ಅವಳು ಹಿಂದೆ ತಿರುಗದೆ, "ಅವ್ವಾ, ನಾಳೆ ವ್ಯಾನಲ್ಲಿ ನನ್ನ ಜೊತೇಲೇ ಬರ್ಬೇಕು. ಆಟೋ ಗೀಟೋ ಇಲ್ಲ" ಅಂದಳು. ನಾನು ಹೂಂ ಅಂದೆ. ಹಾಗೆ ಅನ್ನಲು ನನಗೆ ಎಷ್ಟು ಕಷ್ಟವಾಯಿತೆಂದು ನಿಮಗೆ ಹೇಗೆ ಹೇಳಲಿ.

ಸೋಮವಾರ ವ್ಯಾನು ಹತ್ತಿದೆ. ದಾವಣಗೆರೆಯ ಹುಡುಗಿ ಎದ್ದು ಕಿಟಕಿಯ ಸೀಟು ಕೊಟ್ಟಳು. ಲ್ಯಾಬಿನಲ್ಲಿ ಸಾರು ನನಗೆ ಕುರ್ಚಿ ಹಾಕಿಸಿದರು. ಮೇಡಂ ಅವರ ತಾಯಿ ಎಂದು ಹುಡುಗರು ತೊಳೆಯುವ ಬಾಟಲಿಗಳನ್ನು ತಾವೇ ಹೊರತೊಡಗಿದರು. ನನಗೆ ಮೊದಲಿನದಕ್ಕಿಂತ ಅದು ಹಿಂಸೆಯಾಯಿತು. ಕೂರುವುದಕ್ಕೆ ಸಂಬಳ ಕೊಡುತ್ತಾರೆಯೇ? ಕೆಲವು ದಿನಗಳಾದ ಮೇಲೆ ಅವರಿಗೂ ಸಾಕಾಗಿ ಬಾಟಲಿಗಳು ನನ್ನ ಕೈಗೇ ಬಂದವು. ಲ್ಯಾಬ್ ಇದ್ದಷ್ಟು ವರ್ಷವೂ ನೀಲಿ ಟೋಪಿ ಹಾಕಿಕೊಂಡು ತೊಳೆದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದೆ, ಬಾಟಲಿಯ ಹತ್ತಿರ ಬಿಡುತ್ತಿರಲಿಲ್ಲ. ತಲೆಯ ಮೇಲೆ ಸೆರಗಿಲ್ಲದೆ ಗಂಡಸರ ಮುಂದೆ ನಿಲ್ಲಲು ಎಷ್ಟೋ ದಿನ ಮೈ ಹಿಡಿಯಾಗುತ್ತಿತ್ತು.

ನಿಮ್ಮ ಅಮ್ಮ ಮಾತ್ರ ಹಾಲಿನ ಆ ತುದಿಯಿಂದ, "ಅವ್ವಾ, ಬಾಟ್ಲಿ!" ಅಂತ ಕೂಗುತ್ತಿದ್ದಳು. ಬೇಕೆಂದೇ ಅಷ್ಟು ಜೋರಾಗಿ ಕೂಗುತ್ತಿದ್ದಳು. ಪ್ರತಿ ಸಲವೂ ನನ್ನ ಮುಖ ಬಿಸಿಯಾಗುತ್ತಿತ್ತು. ಆದರೂ ಓಡದೆ ನಿಂತು, "ತಗೊಂಡ್ ಬಂದೆ ಕಣವ್ವ" ಎನ್ನುತ್ತಿದ್ದೆ. ಮೊನ್ನೆ ಊಟದ ಹೊತ್ತಿನಲ್ಲಿ ಮತ್ತೆ ಅದೇ ಬಿಸಿ. ಮತ್ತೆ ಎದ್ದು ಓಡಿದೆ. ಇಷ್ಟು ವಯಸ್ಸಾದರೂ ನನಗೆ ಅದು ಬಿಡಲಿಲ್ಲ ನೋಡಿ.

ಪುಟ್ಟೀ, ನೀನು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ನಾನು ಔಷಧಿ ಕಂಡುಹಿಡಿಯಲಿಲ್ಲ. ನಿಮ್ಮ ಅಮ್ಮನ ಬಾಟಲಿಗಳನ್ನು ತೊಳೆದೆ, ಒಂದು ಬೇಸಿಗೆ ಅವನ್ನು ಕೆಡಿಸಿದೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಹಾಗೆಯೇ ಹೇಳು. ಹೇಳುವಾಗ ನನ್ನ ಹಾಗೆ ತಲೆ ತಗ್ಗಿಸಬೇಡ.

ನೀವಿಬ್ಬರೂ ಓದಿದ ಮೇಲೆ ಈ ಹಾಳೆಗಳನ್ನು ಟ್ರಂಕಿನಲ್ಲಿ ಅಕ್ಕ ನೇಯ್ದ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಡುತ್ತೇನೆ. ನಾನು ಹೋದ ಮೇಲೆ ನೀವಿಬ್ಬರೂ ಜೋಪಾನ ಮಾಡಿ. ಮತ್ತೆ ಓದಬೇಕೆನಿಸಿದಾಗ ತೆಗೆಯಿರಿ. ಮೊದಲು ಕೈ ತೊಳೆದುಕೊಳ್ಳಿ, ತಲೆಗೆ ಎಣ್ಣೆ ಹಚ್ಚಿದ ದಿನ ಮುಟ್ಟಬೇಡಿ. ಕಾಗದಕ್ಕೆ ಎಣ್ಣೆ ಹತ್ತಿದರೆ ಅದನ್ನು ಬೇರೆ ಮಾಡುವ ಮೆಷಿನ್ ನಿಮ್ಮ ಅಮ್ಮನ ಹತ್ತಿರವೂ ಇಲ್ಲ.